ನೆಮಟೋಡ್ ಬಿಟ್ಟರೆ ಬೇರು ಹಾಳಾಗೋದಿಲ್ವಾ?

ಅಡಿಕೆ ತೋಟದ ಬೇರುಹುಳ ಕೊಲ್ಲಲು ನೆಮಟೋಡ್ (ಮಣ್ಣಿನಲ್ಲಿರುವ ಬಲು ಸಣ್ಣ ಜಂತು) ಬಿಡುತ್ತೇನೆ ಅಂದರೆ ಸಾಕು, ಎದುರಿಗಿದ್ದವರಿಗೆ ಗಾಬರಿ. "ಅಲ್ಲ ಮಾರಾಯ್ರೆ, ಮೆಣಸಿನ ಬಳ್ಳಿ ಸಾಯ್ಸೋದೂ ಅದೇ ಜಂತು, ಬಾಳೆ ಬೇರು ತಿನ್ನೋದೂ ಅದೇ. ದುಡ್ಡು ಕೊಟ್ಟು ತಂದು ನೀವೇ ತೋಟಕ್ಕೆ ಹಾಕ್ತೀರಾ?" ಸೊಸೈಟಿ ಕಟ್ಟೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆಯೂ ಇದೇ ಪ್ರಶ್ನೆ. ಕೇಳುವುದು ಸರಿಯೇ. ಬಳ್ಳಿ ಹಳದಿಯಾಗಿ ಗಿಣ್ಣು ಗಿಣ್ಣಾಗಿ ಕಳಚುವುದನ್ನು ನೋಡಿದವರಿಗೆ ಆ ಹೆಸರು ಕೇಳಿದರೆ ಭಯವಾಗುತ್ತದೆ.

ಆದರೆ ನೆಮಟೋಡ್‌ಗಳಲ್ಲಿ ಸಾವಿರಾರು ಜಾತಿ. ಬೇರಿಗೆ ಗಂಟು ಕಟ್ಟಿಸುವ ಜಂತಿನ ಬಾಯಲ್ಲಿ ಸೂಜಿಯಂಥ ಅಂಗವಿದೆ, ಅದನ್ನು ಬೇರಿಗೆ ಚುಚ್ಚಿ ರಸ ಹೀರುತ್ತದೆ. ಹುಳ ಕೊಲ್ಲುವ ಜಾತಿಗೆ ಆ ಸೂಜಿಯೇ ಇಲ್ಲ. ಬೇರಿನ ಪಕ್ಕದಲ್ಲೇ ಹರಿದಾಡಿದರೂ ಬೇರಿಗೆ ಏನೂ ಮಾಡಲಾರದು. ನಾನು ಬಳಸುವುದು ಹೆಟೆರೋರ್ಹ್ಯಾಬ್ಡೈಟಿಸ್ ಇಂಡಿಕಾ. ಕೊಯಮತ್ತೂರಿನಲ್ಲಿ ಸಿಕ್ಕಿ 1992ರಲ್ಲಿ ಹೆಸರು ಪಡೆದ ಜಾತಿ ಇದು, ಹಾಗಾಗಿ ನಮ್ಮ ಸೆಕೆ ಇದಕ್ಕೆ ಹೊಸತಲ್ಲ. ಇದನ್ನು ನೀರಿಗೆ ಕಲಸುವ ಪುಡಿಯಾಗಿ ಮಾಡಿದ್ದು ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ.

ಅರ್ಧ ಮಿಲಿಮೀಟರ್ ಉದ್ದದ ನೆಮಟೋಡ್ ಮರಿ ಮಣ್ಣಿನ ಪಸೆಯಲ್ಲಿ ಹರಿದು ಬೇರುಹುಳದ ಬಾಯಿಯಿಂದಲೋ ಉಸಿರಾಟದ ರಂಧ್ರದಿಂದಲೋ ಒಳಗೆ ಸೇರುತ್ತದೆ. ತನ್ನ ಕರುಳಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಅಲ್ಲಿ ಕಾರುತ್ತದೆ. ಸಣ್ಣ ಹುಳವಾದರೆ ಎರಡು ದಿನಕ್ಕೆ ಮುಗಿಯಿತು. ಬಲಿತ ಹುಳ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನಾನು ಮೊದಲ ಸಲ ಬುಡ ಬಿಡಿಸಿ ನೋಡಿದಾಗ ಮಣ್ಣಿನಲ್ಲಿ ಇಟ್ಟಿಗೆ ಚೂರು ಅಂದುಕೊಂಡೆ. ಕೈಗೆತ್ತಿಕೊಂಡರೆ ಮೆತ್ತಗಿತ್ತು. ಬಿಳಿ ಹುಳ ಪೂರಾ ಕೆಂಪಾಗಿತ್ತು, ಕೊಳೆತ ವಾಸನೆ ಇರಲಿಲ್ಲ. ಸುಮಾರು ಎರಡು ವಾರದಲ್ಲಿ ಅಂಥ ಒಂದು ಹುಳದಿಂದ ಸಾವಿರಗಟ್ಟಲೆ ಮರಿಗಳು ಹೊರಟು ಮುಂದಿನ ಹುಳ ಹುಡುಕಿಕೊಂಡು ಹೋಗುತ್ತವೆ.

"ನಾವೂ ಹಾಕಿದ್ವಿ, ಏನೂ ಆಗ್ಲಿಲ್ಲ" ಅನ್ನುವವರೂ ಇದ್ದಾರೆ. ನನಗೂ ಮೊದಲ ವರ್ಷ ಏನೂ ಆಗಲಿಲ್ಲ. ಅಂಗಡಿಯವರು ಪೊಟ್ಟಣವನ್ನು ಬೇಸಿಗೆಯಿಡೀ ತಗಡಿನ ಮಾಡಿನ ಕೆಳಗೆ ಇಟ್ಟಿದ್ದರು, ಒಳಗಿದ್ದದ್ದು ಸತ್ತ ಮರಿಗಳ ಪುಡಿ. ಈಗ ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ಒಂದು ಗಂಟೆ ಬಿಟ್ಟು ಭೂತಗನ್ನಡಿಯಲ್ಲಿ ನೋಡದೆ ತೋಟಕ್ಕೆ ಒಯ್ಯುವುದಿಲ್ಲ. ಬದುಕಿದ್ದವು ಹೊಸೆದಾಡುತ್ತವೆ. ಸತ್ತವು ಕಡ್ಡಿಯ ಹಾಗೆ ನೆಟ್ಟಗೆ ಬಿದ್ದಿರುತ್ತವೆ.

ಇನ್ನು ಕಾಲ. ಮೇ, ಜೂನಿನ ಮೊದಲ ಮಳೆಗೆ ಬೇರುಹುಳದ ತಾಯಿ ದುಂಬಿಗಳು ಮುಸ್ಸಂಜೆ ನೆಲದಿಂದ ಎದ್ದು, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಬೇರುಹುಳ ಇನ್ನೂ ಸಣ್ಣದಿರುವ ಆಗಸ್ಟ್ ಹೊತ್ತಿಗೆ, ಮಳೆ ಹೊಳವಾದ ಒಂದು ಸಂಜೆ ಹಾಕಬೇಕು. ಬಿಸಿಲು ತಾಗಿದರೆ ನೆಮಟೋಡ್‌ಗಳು ಉಳಿಯುವುದಿಲ್ಲ. ಎಕರೆಗೆ ಸುಮಾರು 100 ಕೋಟಿ ಮರಿ ಬೇಕು. ಸಂಖ್ಯೆ ಕೇಳಿ ಹೌಹಾರಬೇಡಿ, ಲೆಕ್ಕ ಹಾಕಿದರೆ ಚದರ ಸೆಂಟಿಮೀಟರ್ ನೆಲಕ್ಕೆ 25 ಅಷ್ಟೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕದಡಿದ ಡ್ರಮ್ ಆದರೆ ಚೆನ್ನಾಗಿ ತೊಳೆಯಿರಿ. ಪಂಪಿನಲ್ಲಿ ಬಿಡುವವರು ನಾಜಲ್ಲಿನ ಸಣ್ಣ ಜಾಲರಿ ತೆಗೆಯಿರಿ. ಮರಿಗಳು ತಳಕ್ಕೆ ಕೂರುತ್ತವೆ, ಕದಡುತ್ತಲೇ ಇರಬೇಕು. ನಾನಂತೂ ಸೊಪ್ಪು ಸರಿಸಿ, ಮಗ್ಗಿನಲ್ಲಿ ಬುಡಕ್ಕೆ ಹೊಯ್ದು, ಸೊಪ್ಪು ಮತ್ತೆ ಮುಚ್ಚುತ್ತೇನೆ.

ಎಲೆ ತಿನ್ನುವ ಹುಳಕ್ಕೆ ಆಗುತ್ತದಾ? ಎಲೆಯ ಮೇಲೆ ನೆಮಟೋಡ್‌ಗಳೇ ಬೇಗ ಒಣಗಿ ಸಾಯುತ್ತವೆ. ಮೆಕ್ಕೆಜೋಳದ ಸುಳಿಯೊಳಗೆ ಕೂತ ಸೈನಿಕ ಹುಳಕ್ಕೆ ಸುಳಿಗೇ ಬಿಟ್ಟರೆ ಆಗುತ್ತದೆ, ಅಲ್ಲಿ ನೆರಳೂ ತೇವವೂ ಇರುತ್ತದೆ.

ಹಾಕಿದ್ದು ಮಣ್ಣಿನಲ್ಲಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಜೇನುಪೆಟ್ಟಿಗೆಯ ಮೇಣದ ಹುಳ ಸಾಕು. ಸೊಳ್ಳೆಪರದೆಯ ತುಂಡಿನಲ್ಲಿ ನಾಲ್ಕು ಹುಳ ಕಟ್ಟಿ, ನಾಲ್ಕು ಬೆರಳು ಆಳಕ್ಕೆ ಹೂತು, ಐದು ದಿನ ಬಿಟ್ಟು ತೆಗೆಯುತ್ತೇನೆ. ಈ ಸಲ ಹತ್ತು ಬುಡದಲ್ಲಿ ಹೂತಿದ್ದೆ, ಏಳರಲ್ಲಿ ಕೆಂಪಾಗಿತ್ತು. ಉಳಿದ ಮೂರೂ ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತ ಕಡೆಯವು. ನಿಂತ ನೀರಿನಲ್ಲಿ ಇವಕ್ಕೆ ಉಸಿರಿಲ್ಲ. ಕಾಲುವೆ ಬಿಡಿಸಿ ಅಲ್ಲಿಗೆ ಇನ್ನೊಮ್ಮೆ ಹೊಯ್ಯಬೇಕು.