ಗಿಟಾರ್‌ಗೆ ಯಾವಾಗ ಬರುತ್ತೀಯಮ್ಮ?

"ಚೆನ್ನಾಗಿ ನುಡಿಸಿದೆ. ಗಿಟಾರ್‌ಗೆ ಯಾವಾಗ ಬರುತ್ತೀಯಮ್ಮ?"

ಶನಿವಾರ ಕಾರ್ಯಕ್ರಮ ಮುಗಿದು ನನ್ನ ಬೇಸ್‌ನ (ಹಾಡಿಗೆ ಮಂದ್ರ ಸ್ವರ ಕೊಡುವ, ಗಿಟಾರ್‌ನಂತೆ ಕಾಣುವ ನಾಲ್ಕು ತಂತಿಯ ವಾದ್ಯ) ತಂತಿಗಳನ್ನು ಒರೆಸುತ್ತಿದ್ದಾಗ ನಮ್ಮ ಗಾಯಕಿಯ ಸೋದರಮಾವ ಬಂದು ಕೇಳಿದ ಮಾತಿದು. ಮೊದಲ ಸಾಲಿನಲ್ಲಿ ಕೊನೆಯವರೆಗೂ ಕುಳಿತಿದ್ದವರು, ಕುಹಕವೆಂದರೇನೆಂದು ಅರಿಯದ ಮನುಷ್ಯ. ಅದಕ್ಕೇ ಮಾತು ಇನ್ನಷ್ಟು ಆಳಕ್ಕೆ ನಾಟಿತು. "ಇದೇ ಬೇರೆ ವಾದ್ಯ ಸರ್" ಎಂದೆ. ಅವರು ವಾದ್ಯವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಾಲ್ಕು ತಂತಿ ಕಲಿತವಳಿಗೆ ಇನ್ನೆರಡು ಯಾವ ಲೆಕ್ಕ?" ಎಂದು ಧೈರ್ಯ ತುಂಬಿ ಹೊರಟರು.

ಪಕ್ಕದಲ್ಲೇ ನಮ್ಮ ಗಿಟಾರ್ ವಾದಕ ನಿಂತಿದ್ದ. ಒಂದು ಮಾತಾದರೂ ಆಡಬಹುದಿತ್ತು. ಅಭ್ಯಾಸದಲ್ಲಿ "ನೀನು ನೆಲ ಹಿಡಿದಿದ್ದರೆ ಮಾತ್ರ ನಾನು ಅಲೆದಾಡಬಲ್ಲೆ" ಎನ್ನುವವನು, ಹೊಗಳುವವರು ಎದುರಿಗಿದ್ದಾಗ ಮೌನವಾಗುತ್ತಾನೆ. ಒಳ್ಳೆಯ ವಾದಕ, ಆದರೆ ಈ ವಿಷಯದಲ್ಲಿ ನನಗೆ ಅವನ ಮೇಲೆ ಬೇಸರವಿದೆ.

ಭಾನುವಾರ ಅದೇ ಹಿರಿಯರು ತಾವು ಮೊಬೈಲಿನಲ್ಲಿ ಚಿತ್ರೀಕರಿಸಿದ ಎರಡನೆಯ ಹಾಡಿನ ವಿಡಿಯೊ ಕಳುಹಿಸಿದರು. ಮೊಬೈಲಿನಲ್ಲೇ ನೋಡಿದೆ. ಹಾಡು ಕೇಳುತ್ತಿದೆ, ಗಿಟಾರ್ ಕೇಳುತ್ತಿದೆ, ಡ್ರಮ್ಸ್‌ನ ಮೇಲ್ಪದರ ಕೇಳುತ್ತಿದೆ. ನನ್ನ ಬೆರಳುಗಳು ಓಡುತ್ತಿವೆ, ಸದ್ದೇ ಇಲ್ಲ. ಮತ್ತೆ ನೋಡಿದೆ. ಈ ವಾರದಲ್ಲಿ ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಕಣ್ಣು ಆ ಬೆರಳುಗಳ ಮೇಲೆಯೇ ನಿಲ್ಲುತ್ತದೆ. ಬೇಸ್‌ನ ಅತ್ಯಂತ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಗಿಟಾರ್‌ನದು 82 ಸಲ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಮಂದ್ರವನ್ನು ಎತ್ತಿಕೊಡುವ ಶಕ್ತಿಯಿಲ್ಲ. ಹಾಡುಗಳನ್ನೆಲ್ಲ ಅಂಗೈಯ ಸ್ಪೀಕರಿನಲ್ಲೇ ಕೇಳಿದ ಕಿವಿಗೆ ಬೇಸ್ ಎಂದರೆ ಎರಡು ತಂತಿ ಕಡಿಮೆಯಿರುವ ಗಿಟಾರ್ ಎಂದು ತೋರಿದರೆ ಆಶ್ಚರ್ಯವೇನು? ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಪ್ರಶ್ನೆ ಮಾತ್ರ ಇಳಿಯಲಿಲ್ಲ.

ಗಿಟಾರ್‌ಗೆ ಯಾವಾಗ ಬರುತ್ತೀಯ? ಆ 'ಬರುವುದು' ಎಂಬ ಪದದಲ್ಲಿ ಒಂದು ಮೆಟ್ಟಿಲಿದೆ. ನಾನು ಕೆಳಗಿದ್ದೇನೆ, ಗಿಟಾರ್ ಮೇಲಿದೆ. ಆದರೆ ಈ ವಾದ್ಯ ಗಿಟಾರ್‌ನ ಆಕಾರ ಪಡೆದಿದ್ದರೂ ಅದರ ಕೆಲಸ ಬಂದಿರುವುದು ಪಿಟೀಲಿನ ಆಕಾರದ, ನಿಲ್ಲಿಸಿ ನುಡಿಸುವ ಆಳೆತ್ತರದ ಡಬಲ್ ಬೇಸ್‌ನಿಂದ. ನಾಲ್ಕು ತಂತಿಗಳ ಶ್ರುತಿಯೂ ಅದರದೇ: ಇ, ಎ, ಡಿ, ಜಿ. 1951ರಲ್ಲಿ ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ ತಮ್ಮ ವಿದ್ಯುತ್ ಬೇಸ್‌ಗೆ 'ಪ್ರಿಸಿಷನ್' ಎಂದು ಹೆಸರಿಟ್ಟರು. ಕುತ್ತಿಗೆಯ ಮೇಲೆ ಫ್ರೆಟ್ ಎಂಬ ಅಡ್ಡಪಟ್ಟಿಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಎಂಬುದು ಆ ಹೆಸರಿನ ಅರ್ಥ. ಅದರ ತಂತಿಯ ಉದ್ದ 34 ಅಂಗುಲ. ಅವರದೇ ಗಿಟಾರ್‌ನದು 25.5. ಆ ಎಂಟೂವರೆ ಅಂಗುಲ ಏನೆಂದು ಎಡಗೈಯ ಕಿರುಬೆರಳಿಗೆ ಗೊತ್ತು. ದಪ್ಪ ತಂತಿ ತಡವಾಗಿ ಮಾತಾಡುತ್ತದೆ, ಬಹಳ ಹೊತ್ತು ಉಳಿಯುತ್ತದೆ. ಸ್ವರವನ್ನು ಎಲ್ಲಿ ಹುಟ್ಟಿಸಬೇಕು ಎಂಬಷ್ಟೇ ಎಚ್ಚರದಿಂದ ಎಲ್ಲಿ ಮುಗಿಸಬೇಕು ಎಂದೂ ಯೋಚಿಸಬೇಕು. ನನಗೆ ಆ ಮುಗಿಸುವುದನ್ನು ಕಲಿಯಲು ವರ್ಷಗಳೇ ಹಿಡಿದವು.

ಕ್ಯಾರಲ್ ಕೇ ಅವರನ್ನು ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಏನೆನ್ನುತ್ತಿದ್ದರೋ. ಹಾಲಿವುಡ್‌ನ ಸ್ಟುಡಿಯೊಗಳಲ್ಲಿ ಆಗಲೇ ಹೆಸರು ಮಾಡಿದ್ದ ಗಿಟಾರ್ ವಾದಕಿ ಅವರು. 1963ರಲ್ಲಿ ಒಂದು ಧ್ವನಿಮುದ್ರಣಕ್ಕೆ ಬೇಸ್ ನುಡಿಸುವವರು ಬಾರದಿದ್ದಾಗ ಅದನ್ನು ಕೈಗೆತ್ತಿಕೊಂಡರು. ಮನಸ್ಸು ಅಲ್ಲೇ ನೆಲೆಸಿತು. ಗಿಟಾರ್‌ನಿಂದ ಬೇಸ್‌ಗೆ ಬಂದವರು! ಇನ್ನು ಬೇಸ್ ವಾದಕ ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳು ಒಂದರಿಂದಲೇ ತಂತಿ ಮೀಟಿ ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳನ್ನು ಕುಣಿಸಿದವರು. 1960ರ ದಶಕದುದ್ದಕ್ಕೂ ಆ ಹಾಡಿನ ಗ್ರಾಮಫೋನ್ ತಟ್ಟೆಗಳ ಮೇಲೆ ಅವರ ಹೆಸರನ್ನೇ ಅಚ್ಚು ಹಾಕಲಿಲ್ಲ. ಮೊದಲ ಸಲ ಹೆಸರು ಕಂಡದ್ದು 1971ರಲ್ಲಿ. ಲಕ್ಷಾಂತರ ಜನರ ಕಾಲುಗಳಿಗೆ ಅವರ ಪರಿಚಯವಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಿಡಿಯೊದಲ್ಲಿ ಇನ್ನೊಂದು ಜಾಗವಿದೆ. ಎರಡನೆಯ ಚರಣದಲ್ಲಿ, ಬಿಟ್ಟುಹೋದವನ ನೆನಪು ಬರುವ ಸಾಲು. ಅಲ್ಲಿ ಗಿಟಾರ್ ಸಿ, ಇ, ಜಿ ಸ್ವರಗಳನ್ನು ಒಟ್ಟಿಗೆ ನುಡಿಸುವ ಒಂದೇ ಕಾರ್ಡ್ (ಸ್ವರಗುಚ್ಛ) ಹಿಡಿದು ನಿಂತಿರುತ್ತದೆ. ನಾನು ಕೆಳಗೆ ಸಿ ನುಡಿಸಿದರೆ ಅದು ನಿರಾಳವಾದ ಸಿ ಮೇಜರ್. ಸಿ ಬಿಟ್ಟು ಎ ನುಡಿಸಿದ ಕ್ಷಣ ಅದೇ ಸ್ವರಗಳು ಎ ಮೈನರ್ ಸೆವೆಂತ್ ಆಗಿಬಿಡುತ್ತವೆ, ಹಾಡಿನ ಮುಖದ ಮೇಲೆ ನೆರಳು ಹಾಯುತ್ತದೆ. ಸಭಾಂಗಣದಲ್ಲಿ ಹಾಗೆಯೇ ಆಯಿತು. ಮೊಬೈಲಿನಲ್ಲಿ ಮಾತ್ರ ಆ ಸಾಲು ಕೊನೆಯವರೆಗೂ ಬಿಸಿಲಿನಲ್ಲೇ ಉಳಿದಿದೆ. ಗಾಯಕಿ ಒಬ್ಬಳೇ ದುಃಖಿಸುತ್ತಿದ್ದಾಳೆ.

ನಿನ್ನೆ ರಾತ್ರಿ ಹಿರಿಯರಿಗೆ ಉತ್ತರ ಬರೆದೆ. ಉದ್ದುದ್ದ ಬರೆದು ಅಳಿಸಿ, ಕೊನೆಗೆ ಇಷ್ಟು ಉಳಿಸಿಕೊಂಡೆ: "ಸರ್, ಹೆಡ್‌ಫೋನ್ ಹಾಕಿಕೊಂಡು ಎರಡನೆಯ ಚರಣ ಇನ್ನೊಮ್ಮೆ ಕೇಳಿ. ಹಾಡು ಬಣ್ಣ ಬದಲಿಸುವ ಆ ಜಾಗದಲ್ಲಿ ಗಿಟಾರ್ ಹಿಡಿದವನ ಎಡಗೈ ನೋಡಿ. ಅದು ಅಲುಗುವುದಿಲ್ಲ."