ಇಪ್ಪತ್ತು ತೋಟೆ, ಒಂದು ಫ್ಯಾನು

ಪಕ್ಕದ ಮನೆಯ ಯಜಮಾನರು ಬಂದೂಕಿನ ಮದ್ದು ತೂಗುವ ಯಂತ್ರದ ತಟ್ಟೆಯನ್ನು ಎತ್ತಿ, ಬರಿದಾಗಿದೆ ಎಂದು ನನಗೆ ತೋರಿಸಿ, ಮತ್ತೆ ಇಟ್ಟರು. ಸೊನ್ನೆ ಬರಬೇಕಿತ್ತು. ಮೈನಸ್ 0.9 ಬಂತು. ನೋಡುತ್ತಿದ್ದಂತೆ ಮೈನಸ್ 0.6 ಆಯಿತು, ಆಮೇಲೆ ಮೈನಸ್ 1.1. ಅವರು ಏನೂ ಹೇಳದೆ ಮೂಲೆಯಲ್ಲಿ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದರು. ಆ ಫ್ಯಾನು ಹಾಕಿದವನು ನಾನು.

2022ರ ಸೆಪ್ಟೆಂಬರ್ 3, ಶನಿವಾರ. ಊರಿನಲ್ಲಿ ಕೈಲ್ ಮುಹೂರ್ತ, ಕೊಡವರ ಆಯುಧ ಪೂಜೆಯ ಹಬ್ಬ. ಬೆಳಿಗ್ಗೆ ನಾನಿನ್ನೂ ಕಾಫಿ ಕುಡಿಯುತ್ತಿದ್ದಾಗಲೇ ಅಪ್ಪ ಕೊಡಗಿನಿಂದ ಫೋಟೊ ಕಳಿಸಿದ್ದರು: ಅಜ್ಜನ ಕೇಪಿನ ಕೋವಿ, ಅದರ ನಳಿಗೆಗೆ ಸಿಕ್ಕಿಸಿದ ಕೆಂಪು ಹಳದಿಯ ತೋಕ್ ಪೂ, ಅಂದರೆ ಕೋವಿ ಹೂ. ನಾನಿದ್ದದ್ದು ಅಮೆರಿಕದ ಮೊಂಟಾನಾ ರಾಜ್ಯದ ಮಿಸೂಲಾದಲ್ಲಿ. ಕಾಳ್ಗಿಚ್ಚಿನ ಹೊಗೆ ಕಣಿವೆಯನ್ನೆಲ್ಲ ತುಂಬಿಕೊಂಡು, ಎದುರಿನ ಬೆಟ್ಟವೇ ಕಾಣುತ್ತಿರಲಿಲ್ಲ. ಹೊಗೆ ಒಳಗೆ ಬಾರದಿರಲೆಂದು ಪಕ್ಕದ ಮನೆಯ ಯಜಮಾನರ ಗ್ಯಾರೇಜಿನ ಬಾಗಿಲು ಮುಚ್ಚಿದ್ದೆವು. ಒಳಗೆ ಬೇಯುವಂಥ ಸೆಕೆ. ಮೂಲೆಯಲ್ಲಿ ಒಂದು ಫ್ಯಾನು ಕಂಡಿತು, ಹಾಕಿದೆ. ಅವರು ಆಗ ಮನೆಯೊಳಗೆ ಹೋಗಿದ್ದರು.

ಎಪ್ಪತ್ತು ದಾಟಿದ ಅವರು ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಇಲ್ಲಿನವರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆಗೆ ಅದು ಒಗ್ಗದೆ 'ಸರ್' ಎನ್ನುತ್ತೇನೆ. ಪ್ರತಿ ಸಲವೂ ಮುಖ ಗಂಟು ಹಾಕುತ್ತಾರೆ.

ಅವರ ಗ್ಯಾರೇಜಿಗೆ ನಾನು ಹೋಗುವಂತಾದದ್ದು ನನ್ನ ಹಳೆಯ ರೈಫಲ್ಲಿನಿಂದ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಅದು .35 ವೀಲನ್. ವಿಲನ್ ಅಲ್ಲ, ವೀಲನ್. ಆದರೆ ಅಗ್ಗವಾಗಿ ಸಿಕ್ಕಿದ್ದೇಕೆ ಎಂದು ತಿಳಿದ ಮೇಲೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎನಿಸಿತು. ಅದರ ತೋಟೆ, ಅಂದರೆ ಮದ್ದು ಗುಂಡು ಎರಡೂ ಕೂಡಿದ ಹಿತ್ತಾಳೆ ಕೇಸು, ಯಾವ ಅಂಗಡಿಯಲ್ಲೂ ಇರಲಿಲ್ಲ. ಅಮೆರಿಕದ ಸೇನೆಯ ಹಳೆಯ ಥರ್ಟಿ ಆಟ್ ಸಿಕ್ಸ್ (.30-06) ತೋಟೆಯ ಕತ್ತನ್ನು ಹಿಗ್ಗಿಸಿ, ಇನ್ನೂ ದಪ್ಪದ, 0.358 ಇಂಚಿನ ಗುಂಡು ಕೂರುವಂತೆ ಮಾಡಿದರೆ ಅದೇ .35 ವೀಲನ್. ಟೌನ್‌ಸೆಂಡ್ ವೀಲನ್ ಎಂಬ ಸೇನಾಧಿಕಾರಿಯ ಹೆಸರಿನ ಈ ತೋಟೆ ಹುಟ್ಟಿದ್ದು 1922ರಲ್ಲಿ. ರೆಮಿಂಗ್ಟನ್ ಕಂಪನಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದ್ದು 1980ರ ದಶಕದ ಕೊನೆಯಲ್ಲಿ. ನಡುವಿನ ಅರವತ್ತಕ್ಕೂ ಹೆಚ್ಚು ವರ್ಷ ಅದನ್ನು ಬದುಕಿಸಿದ್ದು ಮನೆಯ ಮೇಜಿನ ಮೇಲೆ ತಾವೇ ಮದ್ದು ಗುಂಡು ಕೂಡಿಸಿ ಈಡು ತುಂಬುವವರೇ. "ಇದು ಅಂಗಡಿಯ ಕೂಸಲ್ಲ, ಗ್ಯಾರೇಜಿನ ಕೂಸು. ಬಾ, ಕಲಿಸುತ್ತೇನೆ" ಎಂದು ಯಜಮಾನರು ಕರೆದಿದ್ದರು.

ಈಡು ತುಂಬುವುದು ನನಗೆ ಹೊಸದಲ್ಲ ಎಂದೇ ನಾನು ತಿಳಿದಿದ್ದೆ. ಅಜ್ಜ ಅಂಗೈಯಲ್ಲಿ ಮಸಿ, ಅಂದರೆ ಕೋವಿಯ ಕರಿಮದ್ದು, ಸುರಿದುಕೊಂಡು, ಕಣ್ಣಳತೆಯಲ್ಲೇ ಒಂದಿಷ್ಟು ಕಳೆದು, ನಳಿಗೆಯೊಳಗೆ ಇಳಿಸಿ, ತೆಂಗಿನ ನಾರು ತುರುಕಿ ಗಜದ ಕೋಲಿನಿಂದ ಜಡಿಯುತ್ತಿದ್ದರು. ಗಜ ಎಷ್ಟು ಬೆರಳು ಹೊರಗೆ ನಿಂತಿತೋ ಅದೇ ಲೆಕ್ಕ. ನಾನು ಕಂಡ ಕಾಲಕ್ಕೆ ಬೇಟೆ ಎಂದೋ ನಿಂತಿತ್ತು. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಪುತ್ತರಿಗೆ ಕದಿರು ಕೊಯ್ಯುವಾಗ ಒಂದು. ಗಾಳಿಗೆ ಹೊಡೆಯುವ ಈಡಿಗೆ ಬೆರಳಿನ ಅಳತೆ ಸಾಕು.

ಇಲ್ಲಿ ಸಾಲದು. ಇಲ್ಲಿನ ಮದ್ದಿನ ತೂಕ ಗ್ರೇನಿನಲ್ಲಿ. ಒಂದು ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ಗುಲಗಂಜಿ ತೂಕದ ಅರ್ಧದಷ್ಟು ಎಂದರೆ ಹೆಚ್ಚು ತಪ್ಪಾಗದು. ಆ ಗ್ರೇನಿನ ಹತ್ತನೆಯ ಒಂದು ಪಾಲಿನವರೆಗೆ ತೂಗಬೇಕು. ಕೋವಿಯ ಮಸಿಯಂತೆ ಈ ಮದ್ದು ಸುಮ್ಮನೆ ಭಗ್ಗೆಂದು ಮುಗಿಯುವುದಿಲ್ಲ. ಕೇಸಿನೊಳಗೆ ಒತ್ತಡ ಹೆಚ್ಚಿದಷ್ಟೂ ಉರಿಯುವ ವೇಗವೂ ಹೆಚ್ಚುತ್ತದೆ. ಮೇಲ್ಮಿತಿಯ ಹತ್ತಿರ ಸ್ವಲ್ಪ ಹೆಚ್ಚು ಹಾಕಿದರೆ ಒತ್ತಡ ಸ್ವಲ್ಪ ಮಾತ್ರ ಏರುವುದಿಲ್ಲ. ರೈಫಲ್ಲಿನ ಹಿಂಬದಿ ಇರುವುದು ಹೊಡೆಯುವವನ ಕೆನ್ನೆಯ ಪಕ್ಕದಲ್ಲಿ. (ಎಷ್ಟು ಹಾಕಿದೆವು ಎಂದು ಬರೆಯುವುದಿಲ್ಲ. ಒಂದು ರೈಫಲ್ಲಿಗೆ ಹಿತವಾದದ್ದು ಇನ್ನೊಂದಕ್ಕೆ ಆಗಬೇಕೆಂದಿಲ್ಲ.)

ಬೆಳಗಿನ ಕೆಲಸವೆಲ್ಲ ಚೆನ್ನಾಗಿಯೇ ನಡೆದಿತ್ತು. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸುಗಳನ್ನು ಉಜ್ಜಿ, ಜಿಡ್ಡು ಸವರಿ, ಅಚ್ಚಿಗೆ ಒತ್ತಿ ಮೂಲ ಅಳತೆಗೆ ತಂದೆವು. ಜಿಡ್ಡು ಕಡಿಮೆಯಾಗಿ ಒಂದು ಸಿಕ್ಕಿಕೊಂಡಿತು, ಹೆಚ್ಚಾಗಿ ಇನ್ನೊಂದರ ಕತ್ತಿನ ಕೆಳಗಿನ ಹೆಗಲು ತಗ್ಗಾಯಿತು. ಎರಡನ್ನೂ ಕಸಕ್ಕೆ ಎಸೆದರು. ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಒಂದೊಂದಕ್ಕೂ ಮದ್ದು ತೂಗಿ ಸುರಿದು, 250 ಗ್ರೇನಿನ ಗುಂಡನ್ನು ಕತ್ತಿನೊಳಗೆ ಇಳಿಸಿದೆ. ಇಪ್ಪತ್ತು ಆಯಿತು. ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ಚೀಟಿಯ ಮೇಲೆ ಗುಂಡು, ಮದ್ದು, ತಾರೀಕು, '20' ಎಂದು ಬರೆದು ಅಂಟಿಸಿದೆ. ಫೋಟೊ ತೆಗೆದು ಅಪ್ಪನಿಗೆ ಕಳಿಸಿಯೂ ಬಿಟ್ಟೆ. ಆಗಲೇ ಯಜಮಾನರು ಒಳಗಿನಿಂದ ಬಂದು ಆ ತಟ್ಟೆ ಎತ್ತಿದ್ದು.

ಗಾಳಿ ತಟ್ಟೆಯನ್ನು ಒಮ್ಮೆ ಎತ್ತುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಯಂತ್ರ ಒಂದು ಗ್ರೇನ್ ಕಡಿಮೆ ತೋರಿಸಿದಾಗ ನಾನು ಒಂದು ಗ್ರೇನ್ ಹೆಚ್ಚು ಸುರಿದಿರುತ್ತೇನೆ. ಯಾವುದಕ್ಕೆ ಎಷ್ಟು ಎಂದು ಹೇಳುವವರಿಲ್ಲ.

ನನಗೆ ವಾದ ಮಾಡುವ ಹುಮ್ಮಸ್ಸು ಬಂತು. "ನಾವು ಹಾಕಿದ್ದು ಮೇಲ್ಮಿತಿಗಿಂತ ಸಾಕಷ್ಟು ಕಡಿಮೆ ಅಲ್ಲವೇ ಸರ್? ಒಂದು ಗ್ರೇನ್ ಹೆಚ್ಚಾದರೂ ಏನಾಗುವುದಿಲ್ಲ."

"ಒಂದೇ ಗ್ರೇನ್ ಹೆಚ್ಚಾಗಿದೆ ಎಂದು ಗೊತ್ತಿದ್ದರೆ ಸರಿ. ಗೊತ್ತಿದೆಯೇ?"

"ಹಾಗಾದರೆ ತುಂಬಿದ ತೋಟೆಗಳನ್ನೇ ತೂಗೋಣ. ಯಾವುದು ಭಾರವೋ ಅದನ್ನು ಬಿಚ್ಚೋಣ."

ಅವರು ಫ್ಯಾನು ಆರಿಸಿ, ಡಬ್ಬಿಯಿಂದ ಎರಡು ಖಾಲಿ ಕೇಸು ತೆಗೆದು ನನ್ನ ಕೈಗಿಟ್ಟರು. ತೂಗಿದೆ. ಒಂದೇ ಕಂಪನಿಯ, ಒಂದೇ ಡಬ್ಬಿಯ ಆ ಎರಡರ ನಡುವೆಯೇ ನಾಲ್ಕು ಗ್ರೇನ್ ಅಂತರವಿತ್ತು. ನಾನು ಹುಡುಕಬೇಕೆಂದಿದ್ದ ಒಂದು ಗ್ರೇನ್ ಹಿತ್ತಾಳೆಯ ಏರುಪೇರಿನಲ್ಲೇ ಮುಚ್ಚಿಹೋಗುತ್ತಿತ್ತು. ವಾದ ಮುಗಿಯಿತು.

ಬಿಚ್ಚುವ ಸಾಧನ ನೋಡಲು ಮಕ್ಕಳ ಆಟದ ಸುತ್ತಿಗೆಯಂತಿದೆ. ತಲೆ ಪ್ಲಾಸ್ಟಿಕ್ಕಿನದು, ಒಳಗೆ ಪೊಳ್ಳು. ತೋಟೆಯನ್ನು ಅಂಚಿನಲ್ಲಿ ಹಿಡಿಸಿ, ಗುಂಡಿನ ಮೊನೆ ಕೆಳಗಾಗುವಂತೆ ಸಿಕ್ಕಿಸಿ, ಮರದ ದಿಮ್ಮಿಗೆ ಬಡಿಯಬೇಕು. ಸುತ್ತಿಗೆ ಗಕ್ಕನೆ ನಿಲ್ಲುತ್ತದೆ, ಗುಂಡು ನಿಲ್ಲದೆ ಮುಂದಕ್ಕೆ ಸರಿಯುತ್ತದೆ. ಬಸ್ಸಿಗೆ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನವರು ಮುಂದಕ್ಕೆ ಮುಗ್ಗರಿಸುವ ಹಾಗೆ. ಮೊದಲನೆಯದು ಎಂಟು ಏಟಿಗೂ ಜಗ್ಗಲಿಲ್ಲ. ಒಂಬತ್ತನೆಯದಕ್ಕೆ ಪುಳಕ್ಕೆಂದು ಜಾರಿ, ಸಾಸಿವೆಗಿಂತ ಸಣ್ಣ ಬೂದು ಕಾಳಿನಂಥ ಮದ್ದೆಲ್ಲ ತಲೆಯೊಳಗೆ ಸುರಿಯಿತು. ಗುಂಡು ಒಂದು ಕಡೆ, ಕೇಪಿನ ಸಮೇತ ಕೇಸು ಇನ್ನೊಂದು ಕಡೆ, ಮದ್ದು ಅದರದೇ ಡಬ್ಬಿಗೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕೆಂದು ಅವರು ಬೆಳಿಗ್ಗೆ ಹಟ ಹಿಡಿದದ್ದು ಏಕೆಂದು ಆಗ ಅರ್ಥವಾಯಿತು. ಎರಡಿದ್ದಿದ್ದರೆ ಯಾವುದು ಯಾವುದರದೆಂಬ ಅನುಮಾನದಲ್ಲೇ ಎಲ್ಲವನ್ನೂ ಚೆಲ್ಲಬೇಕಾಗುತ್ತಿತ್ತು.

ಹತ್ತನೆಯ ತೋಟೆಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಯಜಮಾನರು ನೆರವಿಗೆ ಬರಲಿಲ್ಲ. ಕುರ್ಚಿಯಲ್ಲಿ ಕೂತು ಪತ್ರಿಕೆ ಓದಿದರು, ಓದಿದ ಹಾಗೆ ಮಾಡಿದರು. ಇಪ್ಪತ್ತೂ ಮುಗಿಯುವ ಹೊತ್ತಿಗೆ ಸಂಜೆ. ಆಗ ಅವರು ಅಟ್ಟದಿಂದ ತಮ್ಮ ಹಳೆಯ ತಕ್ಕಡಿ ಇಳಿಸಿದರು. ದಂಡ, ತಟ್ಟೆ, ಸರಿಸುವ ಪುಟ್ಟ ಬೊಟ್ಟು, ಅಷ್ಟೇ. ಉಸಿರು ತಾಗಿದರೂ ತೂಗುತ್ತದೆ, ಆದರೆ ತೂಗುವುದು ಕಣ್ಣಿಗೆ ಕಾಣುತ್ತದೆ. ಫ್ಯಾನಿಲ್ಲ, ಬಾಗಿಲು ಮುಚ್ಚಿದೆ, ಹಣೆಯ ಬೆವರು ಮದ್ದಿಗೆ ಬೀಳದಿರಲೆಂದು ಟವೆಲ್ ಸುತ್ತಿಕೊಂಡು ಮತ್ತೆ ಶುರು ಮಾಡಿದೆ. ಮೂರು ತೋಟೆಗೊಮ್ಮೆ ಸೊನ್ನೆ ನೋಡು ಎಂದರು, ನಾನು ಪ್ರತಿಯೊಂದಕ್ಕೂ ನೋಡಿದೆ. ಏಳು ತೋಟೆ ಆಗುವಷ್ಟರಲ್ಲಿ ಕಣ್ಣು ಸೋತಿತು. "ಸಾಕು, ದಣಿದವನು ತೂಗಬಾರದು" ಎಂದು ಮದ್ದಿನ ಡಬ್ಬಿ ಮುಚ್ಚಿ, ಪೆಟ್ಟಿಗೆಯ ಚೀಟಿಯಲ್ಲಿದ್ದ 20 ಹೊಡೆದುಹಾಕಿ 7 ಎಂದು ಬರೆಯಿಸಿದರು.

ಮನೆಗೆ ಬರುವಾಗ ಅಪ್ಪನ ಕರೆ. ಅಲ್ಲಿ ಭಾನುವಾರದ ಬೆಳಗು.

"ಫೋಟೊ ನೋಡಿದೆ. ಇಪ್ಪತ್ತು ತುಂಬಿಸಿದೆಯಾ?"

"ಇಲ್ಲಪ್ಪ, ಏಳು."

"ಇಡೀ ದಿನಕ್ಕೆ ಏಳೇ? ಅಜ್ಜ ಅಷ್ಟು ಹೊತ್ತಿಗೆ ಇಡೀ ಊರಿನ ಕೋವಿ ತುಂಬಿಸುತ್ತಿದ್ದರು" ಎಂದು ನಕ್ಕರು. ಆಮೇಲೆ ಕೇಳಿದರು, "ಉಳಿದ ಹದಿಮೂರು ಏನಾಯಿತು?"

ಫ್ಯಾನಿನ ಕತೆ ಹೇಳತೊಡಗಿದೆ.