ಅಪ್ಪನಿಗೆ ಕೊಡುವುದಾದರೆ

ಉಡುಪಿ, ಮಂಗಳೂರು ಭಾಗದಲ್ಲಿ ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾದ ಅಪ್ಪಂದಿರ ಮನೆಗೆ ಹೋದರೆ, ಚಾವಡಿಯ ಗಾಜಿನ ಕಪಾಟಿನಲ್ಲಿ ಸ್ಮರಣಿಕೆಗಳ ಸಾಲೊಂದು ಸಾಮಾನ್ಯವಾಗಿ ಕಾಣಸಿಗುತ್ತದೆ. ಬೀಳ್ಕೊಡುಗೆಯ ದಿನ ಸಿಕ್ಕಿದ್ದು, ಸಂಘದ ಬೆಳ್ಳಿಹಬ್ಬದಲ್ಲಿ ಸಿಕ್ಕಿದ್ದು, ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಸಿಕ್ಕಿದ್ದು. ಫೈಬರಿನ ಕೃಷ್ಣ, ಅಕ್ರಿಲಿಕ್ಕಿನ ಫಲಕ, ಚಿನ್ನದ ಬಣ್ಣ ಸವೆದುಹೋದ ನವಿಲು. ಕಪಾಟಿನ ಕೆಳಗಿನ ಖಾನೆಯಲ್ಲಿ ಮಡಿಕೆ ಬಿಚ್ಚದ ಪಾಲಿಯೆಸ್ಟರ್ ಶಾಲುಗಳು ಇರುತ್ತವೆ. ಇವನ್ನು ಹೊದೆಯುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಎಸೆದರೆ ಮರ್ಯಾದೆಯಲ್ಲ. ನಮ್ಮ ಅಪ್ಪನ ಕಪಾಟೂ ಇದಕ್ಕೆ ಹೊರತಲ್ಲ. ಆದ್ದರಿಂದ ಜೂನ್ ತಿಂಗಳ ಮೂರನೇ ಭಾನುವಾರ, ಅಂದರೆ ಅಪ್ಪಂದಿರ ದಿನ, ಹತ್ತಿರವಾಗುತ್ತಿದ್ದಂತೆ ಮೊಬೈಲಿನಲ್ಲಿ ಉಡುಗೊರೆಗಳ ಜಾಹೀರಾತು ತುಂಬಿಕೊಳ್ಳುವಾಗ ನನಗೆ ಮೊದಲು ನೆನಪಾಗುವುದು ಆ ಕಪಾಟಿನಲ್ಲಿ ಇನ್ನು ಜಾಗವಿಲ್ಲ ಎಂಬ ಸಂಗತಿ.

ಅಮೆರಿಕದ ಸ್ಪೋಕೇನ್ ನಗರದಲ್ಲಿ 1910ರಲ್ಲಿ ಆರಂಭವಾದ ಈ ಆಚರಣೆಯನ್ನು ನಾವೂ ಮಾಡಬೇಕೇ ಎಂಬ ತಕರಾರು ನನಗಿಲ್ಲ. ಅಪ್ಪನಿಗೆ ಏನಾದರೂ ಕೊಡಲು ಒಂದು ನೆಪ ಸಿಕ್ಕರೆ ಒಳ್ಳೆಯದೇ. ಆದರೆ ನಮ್ಮ ಅಪ್ಪನ ತಲೆಮಾರಿನವರಿಗೆ ಉಡುಗೊರೆ ಆರಿಸುವುದು ಸುಲಭವಲ್ಲ. ಏನು ತಂದುಕೊಟ್ಟರೂ, "ಇದೆಲ್ಲ ಎಂತಕ್ಕೆ? ಇರುವುದೇ ಮುಗಿಯುವುದಿಲ್ಲ" ಎನ್ನುತ್ತಾರೆ. ಮಕ್ಕಳ ಮೇಲಿನ ಸಂಕೋಚದಿಂದ ಆಡಿದ ಮಾತು ಅದಲ್ಲ, ನಿಜವನ್ನೇ ಹೇಳುತ್ತಾರೆ. ಹಾಲಿನ ತೊಟ್ಟೆಯನ್ನು ತೊಳೆದು ಒಣಗಿಸಿ ಇಡುವ, ಬಂದ ಲಕೋಟೆಯ ಹಿಂಬದಿಯಲ್ಲಿ ಸಾಮಾನಿನ ಪಟ್ಟಿ ಬರೆಯುವ ಮನುಷ್ಯನಿಗೆ ಪರಿಸರದ ಪಾಠವನ್ನು ಉಡುಗೊರೆಯಾಗಿ ಕೊಡುವ ಅಗತ್ಯವಿಲ್ಲ. ಅವರು ಈಗಾಗಲೇ ಬಳಸುತ್ತಿರುವ ವಸ್ತುವಿಗೆ ಇನ್ನಷ್ಟು ಆಯುಸ್ಸು ಕೊಡುವುದು, ಅಥವಾ ದಿನವೂ ಬಳಸಿ ಸವೆಸುವಂಥದ್ದನ್ನು ಮಾತ್ರ ಹೊಸದಾಗಿ ತರುವುದು, ಇದೇ ಅವರಿಗೆ ಒಪ್ಪುವ ಉಡುಗೊರೆ ಎಂಬುದು ನನ್ನ ತೀರ್ಮಾನ.

ಪೇಟೆಯಲ್ಲಿ 'ಪರಿಸರಸ್ನೇಹಿ' ಎಂಬ ಚೀಟಿ ಅಂಟಿಸಿಕೊಂಡು ಬರುವ ಸಾಮಾನುಗಳ ಬಗ್ಗೆ ಸ್ವಲ್ಪ ಹೇಳಬೇಕು. ಬಂಧುವೊಬ್ಬರು ಆನ್‌ಲೈನ್ ಮಳಿಗೆಯೊಂದರಿಂದ ತರಿಸಿದ ಅಂಥ ಉಡುಗೊರೆ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಒಳಗೆ ಬಿದಿರಿನ ಹಲ್ಲುಜ್ಜುವ ಬ್ರಷ್ಷು, ಮರದ ಬಾಚಣಿಗೆ, ತುದಿಯಲ್ಲಿ ಬೀಜವಿಟ್ಟ ಕಾಗದದ ಪೆನ್ನು. ಬ್ರಷ್ಷಿನ ಹಿಡಿ ಬಿದಿರಿನದೇ, ಆದರೆ ಎಳೆಗಳು ನೈಲಾನಿನವು. ಆದ್ದರಿಂದ ಅದನ್ನು ಹಾಗೆಯೇ ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ, ಎಳೆಗಳನ್ನು ಇಕ್ಕಳದಿಂದ ಕಿತ್ತ ಮೇಲಷ್ಟೇ ಹಾಕಬಹುದು. ಪೆನ್ನಿನ ಹೊರಮೈ ಕಾಗದ, ಒಳಗಿನ ರೀಫಿಲ್ ಪ್ಲಾಸ್ಟಿಕ್. ಅಪ್ಪನ ಪೆನ್ನಿಗೆ ಹೊಸ ರೀಫಿಲ್ ತಂದುಕೊಟ್ಟಿದ್ದರೂ ಕಸ ಅಷ್ಟೇ ಆಗುತ್ತಿತ್ತು, ದುಡ್ಡು ಉಳಿಯುತ್ತಿತ್ತು. ಬಿದಿರಿನ ಬಟ್ಟೆ ಎಂದು ಮಾರುವ ಬನಿಯನ್, ಕಾಲುಚೀಲಗಳ ಕತೆಯೂ ಇಂಥದ್ದೇ. ಅವುಗಳಲ್ಲಿ ಹೆಚ್ಚಿನವು ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಎಳೆ ತೆಗೆದ ವಿಸ್ಕೋಸ್. ಇನ್ನು ಪೆಟ್ಟಿಗೆಯ ಸುತ್ತ ಬಿಗಿದಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನೋಡಿದಾಗ ನಗು ಬಂತು. ಸಿಹಿತಿಂಡಿ ಪೆಟ್ಟಿಗೆಗೆ ಮತ್ತು ಆಮಂತ್ರಣ ಪತ್ರಿಕೆಗೆ ಅಂಥ ಹಾಳೆ ಸುತ್ತುವುದನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದಲೇ ನಿಷೇಧಿಸಿದೆ.

ನಮ್ಮೂರಿನ ಅಪ್ಪಂದಿರ ದಿನ ಬರುವುದೇ ಮಳೆಗಾಲದ ಬಾಗಿಲಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ನಾಡಿನಲ್ಲಿ ಅಪ್ಪಂದಿರ ನಿಜವಾದ ಸಂಗಾತಿ ಕೊಡೆ. ಮೂರು ಮಡಿಕೆಯ ಪುಟ್ಟ ಕೊಡೆಯನ್ನು ಅವರು ನೆಚ್ಚುವುದಿಲ್ಲ. ಬಾಗಿದ ಹಿಡಿಯ ಉದ್ದದ ಕರಿ ಕೊಡೆಯೇ ಆಗಬೇಕು. ಗಾಳಿಗೆ ಮಗುಚುವುದು ಕಡಿಮೆ, ಅಂಗಳದ ಪಾಚಿಯ ಮೇಲೆ ಊರುಗೋಲೂ ಆಗುತ್ತದೆ, ಬಸ್ಸಿನಲ್ಲಿ ಕಂಬಿಗೆ ತೂಗುಹಾಕಲೂ ಬರುತ್ತದೆ. ಈ ಜಾತಿಯ ಕೊಡೆ ಪೂರ್ತಿಯಾಗಿ ಹಾಳಾಗುವುದಿಲ್ಲ, ಅದರ ಯಾವುದೋ ಒಂದು ಅಂಗ ಹಾಳಾಗುತ್ತದೆ. ಮೇ ಕೊನೆಯಲ್ಲಿ ಪೇಟೆಯ ಮೂಲೆಗಳಲ್ಲಿ ಗೋಣಿ ಹಾಸಿ ಕೊಡೆ ರಿಪೇರಿಗೆ ಕೂರುವವರು ಇದನ್ನು ಚೆನ್ನಾಗಿ ಬಲ್ಲರು.

ಅಪ್ಪನ ಹಳೆಯ ಕೊಡೆಯನ್ನು ಮಂಗಳೂರಿಗೆ ತಂದು ಅಂಥವರೊಬ್ಬರ ಮುಂದೆ ಇಟ್ಟಾಗ ಅವರು ಮೊದಲು ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, ಬಟ್ಟೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಎಲ್ಲೆಲ್ಲಿ ಇಳಿಯುತ್ತದೆ ಎಂದು ನೋಡಿದರು. ಬಳಿಕ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿದರು. ಕೀಲಿನಲ್ಲಿ ತುಂಡಾದ ಕಡ್ಡಿಗೆ ತಮ್ಮ ಡಬ್ಬಿಯಲ್ಲಿದ್ದ ಯಾವುದೋ ಸತ್ತ ಕೊಡೆಯ ಕಡ್ಡಿಯನ್ನು ಅಳತೆ ನೋಡಿ ಜೋಡಿಸಿ, ತಂತಿಯ ತುಣುಕನ್ನು ತೂರಿಸಿ, ಸಣ್ಣ ಸುತ್ತಿಗೆಯಿಂದ ಎರಡೂ ತುದಿಯನ್ನು ಬಡಿದು ಚಪ್ಪಟೆ ಮಾಡಿದರು. ತುಕ್ಕು ಹಿಡಿದ ಸ್ಪ್ರಿಂಗನ್ನು ಬದಲಿಸಿದರು. ಬಟ್ಟೆ ಸೋತಿದೆ, ಹೊಸತು ಹಾಕಿದರೆ ಕೊಡೆ ಇನ್ನೂ ಬಹಳ ಮಳೆಗಾಲ ಬರುತ್ತದೆ ಎಂದರು. "ಹಾಕಿಬಿಡಿ ಅಣ್ಣ" ಎಂದೆ. ಹೊಸ ಬಟ್ಟೆಯ ಅಂಚನ್ನು ಪ್ರತಿಯೊಂದು ಕಡ್ಡಿಯ ತುದಿಗೆ ದಪ್ಪ ದಾರದಿಂದ ಹೊಲಿದು ಗಂಟು ಹಾಕುವ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಹಿಡಿ, ಕೋಲು, ಹೆಚ್ಚಿನ ಕಡ್ಡಿಗಳು ಹಳೆಯವೇ ಉಳಿದವು. ಅಪ್ಪ ಕೊಡೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕೊಟ್ಟ ಹಣ ಎಷ್ಟೆಂದು ಕೇಳಿ, ಜಾಸ್ತಿಯಾಯಿತು ಎಂದರು. ನಮ್ಮ ಮನೆಯಲ್ಲಿ ಮೆಚ್ಚುಗೆಯ ರೂಪವೇ ಅದು.

ಕೈಗಡಿಯಾರಕ್ಕೂ ಇದೇ ಮಾತು ಸಲ್ಲುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ತಯಾರಿಸಲು ತೊಡಗಿದ ಎಚ್‌ಎಂಟಿ ಆ ಕೆಲಸವನ್ನು ಬಹುತೇಕ ನಿಲ್ಲಿಸಿದೆಯಾದರೂ, ಅದರ ಕೀಲಿ ಕೊಡುವ ಗಡಿಯಾರಗಳು ನಮ್ಮ ಅಪ್ಪಂದಿರ ಮೇಜಿನ ಖಾನೆಗಳಲ್ಲಿ ಇನ್ನೂ ಬೆಚ್ಚಗೆ ಮಲಗಿವೆ. ಅವಕ್ಕೆ ಬ್ಯಾಟರಿ ಬೇಡ. ಒಳಗಿನ ಎಣ್ಣೆ ಒಣಗಿ ನಿಂತುಹೋಗಿದ್ದರೆ ಬಲ್ಲವರ ಕೈಯಲ್ಲಿ ಬಿಚ್ಚಿ ತೊಳೆಸಿ, ಹೊಸ ಪಟ್ಟಿ ಹಾಕಿಸಿ ಕೊಡಬಹುದು. ಹೆಜ್ಜೆ ಎಣಿಸುವ ಸ್ಮಾರ್ಟ್ ವಾಚನ್ನು ತಂದುಕೊಟ್ಟು, ಅದಕ್ಕೆ ಚಾರ್ಜ್ ಮಾಡಲು ಮರೆಯಬೇಡಿ ಎಂದು ದಿನವೂ ಫೋನ್ ಮಾಡುವುದಕ್ಕಿಂತ ಇದು ಲೇಸು.

ಹೊಸದಾಗಿ ಕೊಳ್ಳಲೇಬೇಕೆಂದರೆ ನನ್ನ ಮೊದಲ ಆಯ್ಕೆ ಕೈಮಗ್ಗದ ಬೈರಾಸು. ಮಳೆಗಾಲದಲ್ಲಿ ದಪ್ಪನೆಯ ಟರ್ಕಿ ಟವೆಲು ನಮ್ಮೂರಿನಲ್ಲಿ ಒಣಗುವುದೇ ಇಲ್ಲ. ಎರಡನೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ, ಮತ್ತೆ ವಾಷಿಂಗ್ ಮಶೀನಿಗೆ ಬೀಳುತ್ತದೆ. ತೆಳ್ಳಗಿನ ಹತ್ತಿಯ ಬೈರಾಸು ರಾತ್ರಿ ಜಗಲಿಯ ಹಗ್ಗಕ್ಕೆ ಹಾಕಿದರೆ ಬೆಳಗ್ಗೆ ಸ್ನಾನದ ಹೊತ್ತಿಗೆ ತಯಾರು. ಅಪ್ಪನ ಹೆಗಲ ಮೇಲೆ ಅದು ಇಡೀ ದಿನ ಇರುತ್ತದೆ: ಬೆವರು ಒರೆಸಲು, ತೋಟದಲ್ಲಿ ತಲೆಗೆ ಸುತ್ತಲು, ಊಟವಾದ ಮೇಲೆ ಕೈ ಒರೆಸಲು. ಹರಿದ ಮೇಲೂ ಅದಕ್ಕೆ ನಿವೃತ್ತಿಯಿಲ್ಲ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯಾಗುತ್ತದೆ, ಆಮೇಲೆ ನೆಲ ಒರೆಸುತ್ತದೆ, ಕೊನೆಗೆ ತೆಂಗಿನ ಬುಡದಲ್ಲಿ ಮಣ್ಣಾಗುತ್ತದೆ. ಸನ್ಮಾನದ ಪಾಲಿಯೆಸ್ಟರ್ ಶಾಲು ಮಣ್ಣಾಗುವುದಿಲ್ಲ. ಬದಲಿಗೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಆ ನೀರು ನಮ್ಮ ತೋಡುಗಳ ಮೂಲಕ ಹೋಗಿ ಸೇರುವುದು ಸಮುದ್ರವನ್ನೇ.

ಕೈಮಗ್ಗ ನಮಗೆ ದೂರದ ಸಂಗತಿಯೂ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿದ್ದರು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿ ಸೀರೆಯ ನೇಯ್ಗೆ ಬಹುತೇಕ ನಿಂತೇಹೋಗುವ ಹಂತ ತಲುಪಿ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಂಥ ಕಡೆ ಮತ್ತೆ ಚೇತರಿಸಿಕೊಂಡಿದೆ. ಘಟ್ಟದ ಮೇಲೆ ಹೆಗ್ಗೋಡಿನ ಬಳಿಯ ಚರಕ ಸಂಸ್ಥೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣಗಳಲ್ಲಿ ಅದ್ದಿದ ಕೈಮಗ್ಗದ ಅಂಗಿಗಳನ್ನು ಸಿದ್ಧಪಡಿಸುತ್ತದೆ. ಚೊಗರು ಎಂದರೆ ಎಳೆಯ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಗಂದು ದ್ರವ. ಹಣ್ಣಡಿಕೆಯನ್ನು ಬಿಸಿಲಿನಲ್ಲಿ ಒಣಗಿಸಿ ಚಾಲಿ ಮಾಡುವ ನಮ್ಮ ಕರಾವಳಿಯ ಬೆಳೆಗಾರರಿಗೆ ಅದು ಸಿಗುವುದಿಲ್ಲ. ಅಂಗಡಿಯಲ್ಲಿ ಕೈಮಗ್ಗದ್ದು ಎಂದು ಹೇಳಿ ಪವರ್‌ಲೂಮಿನದನ್ನು ಕೊಡುವುದುಂಟು. ಬಟ್ಟೆಯ ಅಂಚನ್ನು ಗಮನಿಸಿ: ಕೈಮಗ್ಗದಲ್ಲಿ ನೇಯುವಾಗ ಅಗಲ ಕುಗ್ಗದಂತೆ ಬಿಗಿದಿಡುವ ಪಟ್ಟಿಯ ಮೊನೆಗಳು ಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಬಿಟ್ಟಿರುತ್ತವೆ. ಈ ಗುರುತೊಂದನ್ನೇ ನಂಬುವಂತಿಲ್ಲವಾದ್ದರಿಂದ 2006ರಿಂದ ಬಳಕೆಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಸಣ್ಣಪುಟ್ಟವು ಇನ್ನೂ ಇವೆ. ಕರೆಂಟು ಹೋಗುವ ದಿನಗಳಿಗೆ ಟಾರ್ಚು ಬೇಕೇ ಬೇಕು. ಬಿಚ್ಚಲು ಬಾರದ ಅಗ್ಗದ ರೀಚಾರ್ಜ್ ಟಾರ್ಚಿನ ಒಳಗಿನ ಬ್ಯಾಟರಿ ಸತ್ತ ದಿನ ಇಡೀ ಟಾರ್ಚೇ ಕಸವಾಗುತ್ತದೆ. ಅದರ ಬದಲು ಅಪ್ಪನ ಬಳಿ ಇರುವ ಟಾರ್ಚಿಗೇ ಹೊಂದುವ, ನೂರಾರು ಸಲ ಚಾರ್ಜ್ ಮಾಡಬಹುದಾದ ಸೆಲ್ಲುಗಳನ್ನೂ ಒಂದು ಚಾರ್ಜರನ್ನೂ ಕೊಡಿ. ಗಡ್ಡ ಹೆರೆಯಲು ಬಿಸಾಡುವ ಪ್ಲಾಸ್ಟಿಕ್ ರೇಜರಿಗಿಂತ ಬ್ಲೇಡ್ ಬದಲಿಸುವ ಹಳೆಯ ಲೋಹದ ರೇಜರೇ ವಾಸಿ. ಕೆಲವು ಅಪ್ಪಂದಿರು ಅದನ್ನು ಬಿಟ್ಟೇ ಇಲ್ಲ, ಆಗ ಒಂದು ಡಬ್ಬಿ ಬ್ಲೇಡು ಸಾಕು.

ವಸ್ತುವೇ ಬೇಡವೆಂದರೆ ತಾಳಮದ್ದಳೆ ಇದೆ, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಆಟದ ಹುಚ್ಚಿನ ಅಪ್ಪಂದಿರಿಗೆ ಮಳೆಗಾಲದ ಸಂಜೆಗಳು ತೀರಾ ಉದ್ದವಾಗುತ್ತವೆ. ಆ ದಿನಗಳಲ್ಲಿ ಸಭಾಭವನಗಳಲ್ಲಿ ನಡೆಯುವ ಕೂಟಕ್ಕೆ ಅವರನ್ನು ಕರೆದುಕೊಂಡು ಹೋಗಿ, ಅರ್ಧದಲ್ಲಿ ಮೊಬೈಲ್ ನೋಡದೆ ಕೊನೆಯವರೆಗೂ ಪಕ್ಕದಲ್ಲಿ ಕುಳಿತು, ಬರುವ ದಾರಿಯಲ್ಲಿ ಯಾರ ಅರ್ಥಗಾರಿಕೆ ಹೇಗಿತ್ತೆಂಬ ಅವರ ವಿಮರ್ಶೆಯನ್ನು ಕೇಳಿಸಿಕೊಳ್ಳುವುದು ಈ ಉಡುಗೊರೆಯ ಕೊನೆಯ ಭಾಗವೂ ಹೌದು, ಕಠಿಣ ಭಾಗವೂ ಹೌದು.

ಗಿಡ ಕೊಡುವವರಿಗೆ ಜೂನ್‌ಗಿಂತ ಒಳ್ಳೆಯ ತಿಂಗಳಿಲ್ಲ, ನೀರು ಹೊರುವ ಕೆಲಸವನ್ನು ಮಳೆಯೇ ಮಾಡುತ್ತದೆ. ಆದರೆ ಪೇಟೆಯ ಪಿಂಗಾಣಿ ಕುಂಡದ ಅಲಂಕಾರಿಕ ಗಿಡಕ್ಕಿಂತ ಹಿತ್ತಿಲಿಗೆ ಹೊಂದುವ ಹಣ್ಣಿನ ಗಿಡವೇ ಅಪ್ಪನಿಗೆ ಇಷ್ಟವಾದೀತು. ನನ್ನ ಮೆಚ್ಚಿನದು ಪುನರ್ಪುಳಿ, ಅಂದರೆ ಕೋಕಂ. ಇದರಲ್ಲಿ ಒಂದು ಎಚ್ಚರ ಬೇಕು. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಗಿಡ ಯಾವುದೆಂದು ಅದು ಹೂ ಬಿಡುವವರೆಗೆ ತಿಳಿಯುವುದಿಲ್ಲ, ಅದಕ್ಕೆ ಏಳೆಂಟು ವರ್ಷ ಕಾಯಬೇಕು. ಎಪ್ಪತ್ತು ದಾಟಿದ ಅಪ್ಪನಿಗೆ ಅಷ್ಟು ವರ್ಷ ಸಾಕಿಸಿ, ಕೊನೆಗೆ ಅದು ಗಂಡೆಂದು ಗೊತ್ತಾದರೆ ಅವರು ಬೈಯುವುದು ಗಿಡವನ್ನಲ್ಲ. ಹಣ್ಣು ಕೊಡುವ ಮರದ ಕುಡಿಯಿಂದ ಕಸಿ ಕಟ್ಟಿದ ಗಿಡವಾದರೆ ಹೆಣ್ಣೆಂಬುದು ಖಚಿತ, ಬೇಗ ಫಸಲಿಗೂ ಬರುತ್ತದೆ. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲೆ ಇರುವಂತೆ ನೆಡಬೇಕು, ಗಂಟಿನ ಕೆಳಗೆ ಚಿಗುರಿದ್ದನ್ನು ಆಗಾಗ ಚಿವುಟಬೇಕು. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಹಣ್ಣಿನ ಗಿಡಗಳು ಸಿಗುತ್ತವೆ. ಮಳೆ ಹಿಡಿಯುತ್ತಿದ್ದಂತೆ ಎಲ್ಲರೂ ಒಟ್ಟಿಗೇ ಹೋಗುವುದರಿಂದ ಕಸಿ ಗಿಡಗಳು ಬೇಗ ಖಾಲಿಯಾಗುತ್ತವೆ. ಮೇ ಕೊನೆಯ ವಾರದಲ್ಲೇ ಒಮ್ಮೆ ಫೋನ್ ಮಾಡಿ ವಿಚಾರಿಸಿಟ್ಟುಕೊಳ್ಳಿ. ಗುಂಡಿ ಎಲ್ಲಿ ತೆಗೆಯಬೇಕೆಂಬುದನ್ನು ಮಾತ್ರ ಅಪ್ಪನನ್ನೇ ಕೇಳಿ.